ಮತಗಟ್ಟೆಯ ರ‍್ಯಾಂಪಿನಿಂದ ಪಂಚಾಯಿತಿಯ ಕುರ್ಚಿಗೆ

(ಗದಗದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಪುನರ್ವಸತಿ ಕಾರ್ಯಕರ್ತರು ಮತ್ತು ವಿಕಲಚೇತನರ ಒಕ್ಕೂಟಗಳ ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗದಗದಲ್ಲಿ ನಿಂತು ವಿಕಲಚೇತನರ ರಾಜಕೀಯ ಪಾಲಿನ ವಿಷಯ ಮಾತಾಡುವವರು ವೀರೇಶ್ವರ ಪುಣ್ಯಾಶ್ರಮದ ಹೆಸರು ತೆಗೆಯದೆ ಮುಂದೆ ಹೋಗಲು ಆಗುವುದಿಲ್ಲ. ಅದನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ನಂತರ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳು ಕೂಸಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅವರ ಸಂಗೀತದ ಬಗ್ಗೆ ನಾನು ನಿಮಗೆ ಹೇಳಬೇಕಿಲ್ಲ. ನಾನು ನೆನಪಿಸುವುದು ಅವರ ಇನ್ನೊಂದು ಕೆಲಸವನ್ನು. ನೂರಾರು ಮಕ್ಕಳ ಊಟ, ವಸತಿ, ಪಾಠ, ನಾಟಕ ಕಂಪನಿಯ ತಿರುಗಾಟ, ಹಣ ಹೊಂದಿಸುವುದು, ಜನರನ್ನು ಹೊಂದಿಸುವುದು, ಇದೆಲ್ಲ ಆಡಳಿತ. ಅಂದರೆ ಕಣ್ಣಿಲ್ಲದವರು ಒಂದು ಸಂಸ್ಥೆ ನಡೆಸಬಲ್ಲರೇ ಎಂಬ ಪ್ರಶ್ನೆಗೆ ಈ ಊರಿನಲ್ಲಿ ಬೇರೆ ಪುರಾವೆ ಬೇಡ. ಈಗ ನಿಮ್ಮ ನಿಮ್ಮ ಪಂಚಾಯಿತಿ ಕಚೇರಿಯ ಗೋಡೆ ನೆನಪಿಸಿಕೊಳ್ಳಿ. ಅಧ್ಯಕ್ಷರ ಹೆಸರು, ಅವಧಿ ಬರೆದ ಬೋರ್ಡ್ ಇರುತ್ತದೆ. ಅದರಲ್ಲಿ ವಿಕಲಚೇತನರ ಹೆಸರು ಎಷ್ಟಿವೆ? ಕೈ ಎತ್ತಿ ಎಂದರೆ ಈ ಸಭಾಂಗಣದಲ್ಲಿ ಎಷ್ಟು ಕೈ ಏಳುತ್ತವೆ ಎಂದು ನಿಮಗೇ ಗೊತ್ತು.

ಪಾದ ಮುಟ್ಟಿ ನಮಸ್ಕರಿಸಲು ತಯಾರಿರುವ ನಾವು ಪಕ್ಕದ ಕುರ್ಚಿ ಕೊಡಲು ತಯಾರಿಲ್ಲ. ಇವತ್ತಿನ ಮಾತು ಆ ಕುರ್ಚಿಯ ಬಗ್ಗೆ.

ಮೊದಲು ಲೆಕ್ಕ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲಿ 13.24 ಲಕ್ಷ. ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಆಗ ಎಂಟು ಬಗೆಯಲ್ಲಿ ಎಣಿಸಿದ್ದರು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಆದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದು. ಇರಲಿ, ಹಳೆಯ ಲೆಕ್ಕವನ್ನೇ ಹಿಡಿಯೋಣ. ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಎರಡು ಸ್ಥಾನದ ಒಂದು ವಾರ್ಡು ಎಂದರೆ 800 ಜನ. ಅದರಲ್ಲಿ ಕನಿಷ್ಠ 17 ವಿಕಲಚೇತನರು. ಹದಿನೇಳು ಮನೆ, ಮನೆಗೆ ಮೂರು ಮತ ಎಂದರೂ ಐವತ್ತರ ಮೇಲಾಯಿತು. ಗ್ರಾಮ ಪಂಚಾಯಿತಿಯಲ್ಲಿ ಹತ್ತಿಪ್ಪತ್ತು ಮತದಲ್ಲಿ ಗೆಲ್ಲುವುದು ಸೋಲುವುದು ನಿಮಗೆ ಹೊಸದಲ್ಲ. ಇನ್ನೊಂದು ಅನುಕೂಲವನ್ನು ಯಾರೂ ಗಮನಿಸುವುದಿಲ್ಲ. ಎರಡು ಸ್ಥಾನದ ವಾರ್ಡಿನಲ್ಲಿ ಮತದಾರನಿಗೆ ಎರಡು ಮತ. ಒಂದನ್ನು ಅವರು ತಮ್ಮ ಬೀಗರಿಗೋ ಓಣಿಯವರಿಗೋ ಹಾಕಲಿ. ಇನ್ನೊಂದನ್ನು ಕೇಳುವ ಹಕ್ಕು ನಿಮಗಿದೆ, ಅದಕ್ಕೆ ಯಾರ ಜೊತೆಗೂ ಜಗಳವಾಡಬೇಕಿಲ್ಲ. ವಿಧಾನಸಭೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಪಂಚಾಯಿತಿಯಲ್ಲಿ ನಡೆಯುತ್ತದೆ. ಪಕ್ಷದ ಟಿಕೆಟ್ಟೂ ಬೇಡ, ಚಿಹ್ನೆಯೂ ಪಕ್ಷದ್ದಲ್ಲ, ಠೇವಣಿ ಕೆಲವು ನೂರು ರೂಪಾಯಿ. ಆದ್ದರಿಂದ ನನ್ನ ಮಾತಿನ ಹೆಚ್ಚು ಭಾಗ ಪಂಚಾಯಿತಿಯ ಸುತ್ತಲೇ ಇರುತ್ತದೆ.

ಇಲ್ಲಿ ಒಂದು ಮಾತು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಹೆಸರು ಬದಲಾಗುತ್ತಲೇ ಇವೆ. ಯಾವುದು ಸರಿ ಎಂದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ನಾನು ಸರ್ಕಾರಿ ಕಾಗದದಲ್ಲಿರುವ ವಿಕಲಚೇತನ ಎಂಬ ಶಬ್ದವನ್ನೇ ಬಳಸುತ್ತೇನೆ, ಅರ್ಜಿ ಬರೆಯುವಾಗ ಅದೇ ಕೆಲಸಕ್ಕೆ ಬರುತ್ತದೆ. ನನಗೆ ಹೆಚ್ಚು ಕಾಡುವುದು ಚುನಾವಣಾ ಭಾಷಣದ ಭಾಷೆ. ಎದುರಾಳಿಯನ್ನು ಬೈಯಲು ಕುರುಡ, ಕಿವುಡ, ಹೆಳವ, ಹುಚ್ಚ ಎನ್ನುವುದು ನಮ್ಮ ವೇದಿಕೆಗಳಲ್ಲಿ ಸಹಜವಾಗಿಬಿಟ್ಟಿದೆ. ಭಾರತ ಚುನಾವಣಾ ಆಯೋಗ 2023ರ ಡಿಸೆಂಬರಿನಲ್ಲಿ ಪಕ್ಷಗಳಿಗೆ ಮಾರ್ಗಸೂಚಿ ಕಳಿಸಿ ಇಂಥ ಮಾತು ಆಡಬೇಡಿ ಎಂದಿತು. 2016ರ ಅಧಿನಿಯಮದ 92ನೇ ಕಲಮಿನಡಿ, ವಿಕಲಚೇತನರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಭಾಷಣದ ವಿಡಿಯೊ ನಿಮ್ಮ ಫೋನಿನಲ್ಲಿದ್ದರೆ ದಿನಾಂಕ, ಸ್ಥಳ ಬರೆದು ಇಟ್ಟುಕೊಳ್ಳಿ. ಬೈಗುಳವಾಗಿ ಬಳಕೆಯಾಗುವ ಸ್ಥಿತಿಯಲ್ಲಿರುವ ಮನುಷ್ಯನನ್ನು ಜನ ನಾಯಕನೆಂದು ಒಪ್ಪುವುದು ಕಷ್ಟ, ಅದಕ್ಕೇ ಇದನ್ನು ಸಣ್ಣ ಸಂಗತಿ ಎಂದು ಬಿಡಬೇಡಿ.

ಈಗ ಮೆಟ್ಟಿಲು ಮೆಟ್ಟಿಲಾಗಿ ನೋಡೋಣ. ಮೊದಲನೆಯದು ಮತದಾರರ ಪಟ್ಟಿ.

ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ವಿಕಲಚೇತನರು ಎಂಬ ಗುರುತೂ ಇರಬೇಕು. ಇದಕ್ಕೆ ನಮೂನೆ 8. ವಿಳಾಸ ಬದಲಾವಣೆಗೂ ತಿದ್ದುಪಡಿಗೂ ಅದೇ ನಮೂನೆ, ಅದರಲ್ಲೇ ವೈಕಲ್ಯ ಗುರುತಿಸುವ ಭಾಗವಿದೆ. ಬೂತ್ ಮಟ್ಟದ ಅಧಿಕಾರಿಗೆ, ಅಂದರೆ ಬಿಎಲ್‌ಒಗೆ ಕೊಡಬೇಕು, ಇಲ್ಲವೇ ಫೋನಿನಲ್ಲೇ ತುಂಬಬಹುದು. 2024ರ ಲೋಕಸಭೆ ಚುನಾವಣೆಯ ಹೊತ್ತಿಗೆ ದೇಶದಲ್ಲಿ ಹೀಗೆ ಗುರುತಾದ ಮತದಾರರು 88.4 ಲಕ್ಷ. ಜನಗಣತಿಯ 2.68 ಕೋಟಿಯಲ್ಲಿ ಮಕ್ಕಳನ್ನು ಬಿಟ್ಟರೂ ಇದು ಅರ್ಧಕ್ಕೂ ಬರುವುದಿಲ್ಲ. ಯಾಕೆ ಹೀಗೆ? ಒಂದು, ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್ ಮಾಡಿಸಿದವರು ಅದೇ ಎಲ್ಲಾ ಕಡೆ ತಾನಾಗಿ ಸೇರುತ್ತದೆ ಎಂದುಕೊಳ್ಳುತ್ತಾರೆ. ಆ ಕಾರ್ಡಿನ ಮಾಹಿತಿ ಮತದಾರರ ಪಟ್ಟಿಗೆ ತಾನಾಗಿ ಹರಿದು ಬರುವುದಿಲ್ಲ. ಎರಡು, ಕಣ್ಣಿಗೆ ಕಾಣದ ವೈಕಲ್ಯ ಇರುವವರನ್ನು ಬಿಎಲ್‌ಒ ಕೇಳುವುದೇ ಇಲ್ಲ. ಮೂರು, ಮನೆಯವರಿಗೆ ಹೇಳಿಕೊಳ್ಳಲು ಸಂಕೋಚ, ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದರಂತೂ ಇನ್ನೂ ಹೆಚ್ಚು. ಪ್ರತಿ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಹೆಸರುಗಳ ಪಟ್ಟಿ ಇರುತ್ತದೆ. ಬಿಎಲ್‌ಒ ಬಳಿ ಇನ್ನೊಂದು ಪಟ್ಟಿ. ಇಬ್ಬರೂ ಒಂದು ಮಧ್ಯಾಹ್ನ ಒಂದೇ ಮೇಜಿಗೆ ಕೂತು ಎರಡು ಪಟ್ಟಿ ಹೊಂದಿಸಿ ನೋಡಿದರೆ ಬಿಟ್ಟುಹೋದ ಹೆಸರು ಅಲ್ಲೇ ಸಿಗುತ್ತವೆ.

ಬುದ್ಧಿಮಾಂದ್ಯರ ಹೆಸರು ಸೇರಿಸಲು ಬರುವುದಿಲ್ಲ ಎಂದು ಹೇಳಿ ಕಳಿಸುವ ರೂಢಿ ಇನ್ನೂ ಇದೆ. ಅದು ತಪ್ಪು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೇ ಕಲಮು ಹೇಳುವುದು ಇಷ್ಟೇ: ಮತಿಭ್ರಮಣೆಯುಳ್ಳವರೆಂದು ಸಕ್ಷಮ ನ್ಯಾಯಾಲಯ ಘೋಷಿಸಿದ್ದರೆ ಮಾತ್ರ ಅನರ್ಹರು. ವೈದ್ಯರ ಪ್ರಮಾಣಪತ್ರದಿಂದ ಅನರ್ಹತೆ ಬರುವುದಿಲ್ಲ. ಶೇಕಡಾವಾರು ಎಷ್ಟಿದ್ದರೂ ಬರುವುದಿಲ್ಲ. ನ್ಯಾಯಾಲಯದ ಆದೇಶ ತೋರಿಸಿ ಎಂದು ಕೇಳಿ, ಮಾತು ಅಲ್ಲಿಗೆ ಮುಗಿಯುತ್ತದೆ.

ಎರಡನೆಯದು ಮತಗಟ್ಟೆ. ಇದರಲ್ಲಿ ಸಾಕಷ್ಟು ಕೆಲಸ ಆಗಿದೆ, ಒಪ್ಪಿಕೊಳ್ಳಬೇಕು. 2004ರಲ್ಲಿ, ವಿಕಲಚೇತನರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮತ್ತು ಅವರ ಸಂಗಾತಿಗಳ ಹೋರಾಟದ ಫಲವಾಗಿ, ಮತಗಟ್ಟೆಗೆ ರ‍್ಯಾಂಪ್ ಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮತಯಂತ್ರದ ಗುಂಡಿಗಳ ಪಕ್ಕ ಬ್ರೈಲ್ ಅಂಕಿ ಬಂದವು. ಮತಗಟ್ಟೆ ಅಧಿಕಾರಿಯ ಹತ್ತಿರ ಅಭ್ಯರ್ಥಿಗಳ ಹೆಸರಿರುವ ಬ್ರೈಲ್ ಹಾಳೆ ಇರುತ್ತದೆ. ಕೇಳಿ ತೆಗೆದುಕೊಂಡು, ಬೇಕಾದ ಹೆಸರಿನ ಅಂಕಿ ನೋಡಿಕೊಂಡು, ಯಂತ್ರದ ಮೇಲೆ ಅದೇ ಅಂಕಿಯನ್ನು ಬೆರಳಿಂದ ಹುಡುಕಿ ಗುಂಡಿ ಒತ್ತಬಹುದು. ಕೇಳದಿದ್ದರೆ ಆ ಹಾಳೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಬ್ರೈಲ್ ಬಾರದವರಿಗೆ ಸಂಗಾತಿಯ ಅವಕಾಶ ಇದೆ. ಸಂಗಾತಿಗೆ 18 ವರ್ಷ ತುಂಬಿರಬೇಕು. ಒಬ್ಬರು ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಸಂಗಾತಿ. ಅವರ ಬಲಗೈ ತೋರುಬೆರಳಿಗೆ ಶಾಯಿ ಹಚ್ಚುತ್ತಾರೆ. ಮತದ ಗುಟ್ಟು ಕಾಯುತ್ತೇನೆಂದು ಬರೆದುಕೊಡಬೇಕು. ಈ ನಿಯಮ ಎಲ್ಲಿ ಮುರಿಯುತ್ತದೆ ಎಂದರೆ, “ಬಾ ಯಜ್ಜಾ, ನಾ ಒತ್ತಿಸ್ತೀನಿ” ಎಂದು ಬಾಗಿಲಲ್ಲಿ ನಿಂತ ಕಾರ್ಯಕರ್ತನೇ ಕೈ ಹಿಡಿದಾಗ. ಅಜ್ಜ ಬೇಡ ಎನ್ನಲು ಹಿಂಜರಿಯುತ್ತಾನೆ. ಆದ್ದರಿಂದ ಸಂಗಾತಿ ಯಾರು ಎಂಬುದು ಹಿಂದಿನ ರಾತ್ರಿಯೇ ಮನೆಯಲ್ಲಿ ತೀರ್ಮಾನವಾಗಿರಲಿ.

ಮನೆಯಿಂದಲೇ ಮತ ಹಾಕುವ ವ್ಯವಸ್ಥೆ ಕರ್ನಾಟಕದಲ್ಲಿ 2023ರ ವಿಧಾನಸಭೆ ಚುನಾವಣೆಯಲ್ಲಿ ಬಂತು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಬೇಕು, ನಮೂನೆ 12ಡಿ ತುಂಬಬೇಕು. ಅಧಿಸೂಚನೆ ಹೊರಟ ಐದು ದಿನದೊಳಗೆ ಅದು ತಲುಪಬೇಕು. ಈ ಐದು ದಿನದಲ್ಲೇ ಬಹಳ ಜನ ತಪ್ಪಿಸಿಕೊಳ್ಳುತ್ತಾರೆ, ಪ್ರಚಾರ ಕಾವೇರುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಒಮ್ಮೆ ಒಪ್ಪಿಗೆ ಕೊಟ್ಟರೆ ಮತಗಟ್ಟೆಗೆ ಹೋಗಿ ಹಾಕಲು ಬರುವುದಿಲ್ಲ. ಸಿಬ್ಬಂದಿ ಬಂದಾಗ ನೀವು ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತಾರೆ, ಮೂರನೇ ಸಲ ಬರುವುದಿಲ್ಲ. ಹೊರಗೆ ಓಡಾಡಬಲ್ಲವರು ಮತಗಟ್ಟೆಗೇ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಊರವರ ಕಣ್ಣಿಗೆ ಬೀಳದ ಮತದಾರನ ಮನೆಗೆ ಅಭ್ಯರ್ಥಿ ಬರುವುದೂ ಕಡಿಮೆಯಾಗುತ್ತದೆ.

ಈಗ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ. ಇಷ್ಟು ಹೊತ್ತು ಹೇಳಿದ ಬ್ರೈಲ್ ಯಂತ್ರ, ನಮೂನೆ 12ಡಿ, ಇವೆಲ್ಲ ಭಾರತ ಚುನಾವಣಾ ಆಯೋಗದ್ದು. ಅದು ನಡೆಸುವುದು ಲೋಕಸಭೆ, ವಿಧಾನಸಭೆ ಚುನಾವಣೆ. ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆ ಎರಡೂ ಬೇರೆ ಬೇರೆ ಸಂಸ್ಥೆಗಳು, ನಿಯಮಗಳೂ ಬೇರೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಕಡೆ ಮತ ಹಾಕಿದ್ದು ಕಾಗದದ ಮತಪತ್ರದ ಮೇಲೆ, ರಬ್ಬರ್ ಮುದ್ರೆ ಒತ್ತಿ. ಕಾಗದದ ಮೇಲೆ ಬೆರಳಿಗೆ ಏನು ಸಿಗುತ್ತದೆ? ನಿಮ್ಮ ಓಣಿಯ ಚರಂಡಿ, ಬೀದಿದೀಪ, ನೀರು ತೀರ್ಮಾನಿಸುವ ಸಂಸ್ಥೆಯ ಚುನಾವಣೆಯಲ್ಲೇ ದೃಷ್ಟಿದೋಷ ಇರುವವರು ಇನ್ನೊಬ್ಬರ ಕೈ ಹಿಡಿಯಬೇಕು. ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಮತಪತ್ರದ ಅಳತೆಗೆ ದಪ್ಪ ರಟ್ಟಿನ ಒಂದು ಮಡಿಕೆ, ಪ್ರತಿ ಚಿಹ್ನೆಯ ಜಾಗದಲ್ಲಿ ಕಿಂಡಿ, ಕಿಂಡಿಯ ಪಕ್ಕ ಉಬ್ಬಿದ ಚುಕ್ಕೆ. ಒಂದನೇ ಅಭ್ಯರ್ಥಿಗೆ ಒಂದು ಚುಕ್ಕೆ, ಎರಡನೆಯವರಿಗೆ ಎರಡು. ಮತಪತ್ರವನ್ನು ಅದರೊಳಗೆ ತೂರಿಸಿದರೆ ಕಿಂಡಿಯೊಳಗೆ ಮುದ್ರೆ ಒತ್ತಬಹುದು, ಬ್ರೈಲ್ ಬಾರದವರೂ ಚುಕ್ಕೆ ಎಣಿಸಬಹುದು. ಇಂಥದ್ದನ್ನು ಬೇರೆ ದೇಶಗಳಲ್ಲಿ ಬಳಸುತ್ತಾರೆ. ಒಕ್ಕೂಟಗಳು ಮುಂದಿನ ಚುನಾವಣೆಗೆ ಮುಂಚೆ ಬೆಂಗಳೂರಿನ ರಾಜ್ಯ ಚುನಾವಣಾ ಆಯೋಗಕ್ಕೆ ಮಾದರಿಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಮನವಿ ಕೊಡಬೇಕು. ಕಾಗದದ ಮನವಿ ಕಡತ ಸೇರುತ್ತದೆ, ರಟ್ಟಿನ ಮಾದರಿ ಮೇಜಿನ ಮೇಲೆ ಉಳಿಯುತ್ತದೆ.

ಮೂರನೆಯ ಮೆಟ್ಟಿಲು ಎಲ್ಲಕ್ಕಿಂತ ಮುಖ್ಯ, ಅದನ್ನೇ ನಾವು ಹಾರಿಬಿಟ್ಟಿದ್ದೇವೆ. ಮತದಾರನಿಂದ ನೇರ ಅಭ್ಯರ್ಥಿಯಾಗಲು ಯಾರಿಗೂ ಆಗುವುದಿಲ್ಲ. ನಡುವೆ ಒಂದು ತಾಲೀಮು ಇರುತ್ತದೆ. ನಮ್ಮ ಭಾಗದ ರಾಜಕಾರಣಿಗಳು ಎಲ್ಲಿ ಬೆಳೆದರು ನೋಡಿ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ಸಹಕಾರ ಸಂಘದ ನೆಲ ಇದು. ಪತ್ತಿನ ಸಂಘ, ಹಾಲಿನ ಡೇರಿ, ಎಪಿಎಂಸಿ, ಶಾಲೆಯ ಎಸ್‌ಡಿಎಂಸಿ, ಗುಡಿಯ ಕಮಿಟಿ, ಇಲ್ಲಿ ಲೆಕ್ಕ ಓದಲು, ಜಗಳ ಬಿಡಿಸಲು, ಠರಾವು ಬರೆಯಲು ಕಲಿತವರೇ ಮುಂದೆ ಪಂಚಾಯಿತಿಗೆ ಬರುತ್ತಾರೆ. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಕಾನೂನಿನಲ್ಲೇ ಸ್ಥಾನ ಇದೆ. ವಿಕಲಚೇತನರಿಗೆ ಹಾಗೆ ಮೀಸಲಿಟ್ಟ ಸ್ಥಾನ ಇಲ್ಲ. ಆದರೆ ನಿಲ್ಲಬೇಡಿ ಎಂದೂ ಯಾರೂ ಹೇಳಿಲ್ಲ.

ತಾಲೀಮಿಗೆ ಅಡ್ಡಿ ಏನು? ಊರ ರಾಜಕೀಯ ನಡೆಯುವ ಜಾಗ. ಅಗಸಿ ಕಟ್ಟೆ ಎದೆಮಟ್ಟ ಇರುತ್ತದೆ, ಕಾಲಿಲ್ಲದವರು ಹತ್ತಲಾರರು. ರಾತ್ರಿ ಎಂಟರ ಮೇಲೆ ಚಹಾದಂಗಡಿಯಲ್ಲಿ ಮಾತು ಕೂಡುತ್ತದೆ, ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ಶ್ರವಣದೋಷ ಇರುವವರಿಗೆ ಅಲ್ಲಿ ಏನೂ ದಕ್ಕುವುದಿಲ್ಲ. ಮನೆಯಲ್ಲಿ ಹೆಣ್ಣುಮಗಳಾದರೆ ಕೇಳುವುದೇ ಬೇಡ: “ನಿನಗ್ಯಾಕವ್ವಾ ಊರ ಉಸಾಬರಿ, ತಿಂಗಳಾ ಪಗಾರ ಬರ್ತೈತಲ್ಲ.” ಮಾಸಾಶನಕ್ಕೆ ನಮ್ಮ ಕಡೆ ಪಗಾರ ಎನ್ನುತ್ತಾರೆ. ಆ ಪಗಾರದ ಮಾತು ಪ್ರೀತಿಯಿಂದಲೇ ಬರುತ್ತದೆ, ಆದರೂ ಮನುಷ್ಯನನ್ನು ಮನೆಯಲ್ಲೇ ಕೂರಿಸುತ್ತದೆ.

ಇದಕ್ಕೆ ದಾರಿ ಎಂದರೆ, ಕೂಟದ ಜಾಗ, ಹೊತ್ತು ಎರಡೂ ಬರಹದಲ್ಲಿರುವ ಕಡೆ ಮೊದಲು ಹೋಗುವುದು. ವಾರ್ಡ್ ಸಭೆ, ಗ್ರಾಮ ಸಭೆ ಅಂಥವು. ಅಲ್ಲಿ ನಿಮಗೆ ಮಾತಾಡಲು ಕಾನೂನಿನ ಹಕ್ಕಿದೆ, ಮಾತಾಡಿದ್ದು ನಡಾವಳಿ ಪುಸ್ತಕದಲ್ಲಿ ಬರುತ್ತದೆ. ಪಂಚಾಯಿತಿ ತನ್ನ ಅನುದಾನದಲ್ಲಿ ಶೇ 5ನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು ಎಂಬುದು ನಿಮಗೆಲ್ಲ ಗೊತ್ತು. ಸ್ವಂತ ವರಮಾನ 12 ಲಕ್ಷ ಇದ್ದರೆ ಅದರ ಶೇ 5 ಎಂದರೆ 60 ಸಾವಿರ. ಆ ದುಡ್ಡು ಎಲ್ಲಿ ಹೋಗುತ್ತದೆ? ಮಾರ್ಚ್ ಕೊನೆಯ ವಾರ ಅವಸರದಲ್ಲಿ ಒಂದೇ ಅಳತೆಯ ಗಾಲಿಕುರ್ಚಿಗಳನ್ನು ತಂದು, ಹಾರ ಹಾಕಿ, ಫೋಟೊ ತೆಗೆದು ಹಂಚುತ್ತಾರೆ. ಹತ್ತು ವರ್ಷದ ಮಗುವಿಗೂ ಅದೇ, ಅರವತ್ತರ ಹಿರಿಯರಿಗೂ ಅದೇ. ಆರು ತಿಂಗಳಿಗೆ ಮುಂದಿನ ಸಣ್ಣ ಗಾಲಿಯ ರಬ್ಬರ್ ಹರಿಯುತ್ತದೆ, ಕುರ್ಚಿ ದನದ ಕೊಟ್ಟಿಗೆ ಸೇರುತ್ತದೆ. ಸೆಪ್ಟೆಂಬರಿನ ಸಭೆಯಲ್ಲೇ ಎದ್ದು ನಿಂತು, ಈ ವರ್ಷದ ಶೇ 5 ಎಷ್ಟಾಯಿತು, ಎಷ್ಟು ಖರ್ಚಾಯಿತು, ಯಾರ ಅಳತೆ ತೆಗೆದುಕೊಂಡಿರಿ ಎಂದು ಮೂರು ಪ್ರಶ್ನೆ ಕೇಳುವವರು ಊರಿಗೆ ಗೊತ್ತಾಗುತ್ತಾರೆ. ಎರಡು ವರ್ಷ ಹೀಗೆ ಕೇಳಿದವರನ್ನು ಮುಂದಿನ ಚುನಾವಣೆಯಲ್ಲಿ “ನೀನ ನಿಲ್ಲು” ಎಂದು ಜನರೇ ಹೇಳುತ್ತಾರೆ. ನಿಮ್ಮ ಪ್ರಶ್ನೆ ಮಾಸಾಶನ, ಗಾಲಿಕುರ್ಚಿಗೆ ಸೀಮಿತವಾಗದಿರಲಿ. ಕುಡಿಯುವ ನೀರು, ಕೆರೆ ಹೂಳು, ಬೆಳೆ ಪರಿಹಾರದ ಬಗ್ಗೆಯೂ ಕೇಳಿ. ಊರಿಗೆಲ್ಲ ಸಂಬಂಧಿಸಿದ್ದನ್ನು ಕೇಳಿದವರಿಗೇ ಊರಿನ ಮತ ಬೀಳುತ್ತದೆ.

ನಾಲ್ಕನೆಯ ಮೆಟ್ಟಿಲು ಅಭ್ಯರ್ಥಿಯಾಗುವುದು. ಇಲ್ಲಿ ಕಾಗದದ ತಪ್ಪುಗಳೇ ಹೆಚ್ಚು. ವಿಧಾನಸಭೆಗೆ ನಿಲ್ಲುವವರಿಗೆ 1961ರ ನಿಯಮಗಳು ಅನ್ವಯಿಸುತ್ತವೆ. ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು, ಆದರೆ ಚುನಾವಣಾಧಿಕಾರಿಯ ಅಥವಾ ನಿಗದಿತ ಅಧಿಕಾರಿಯ ಎದುರಿಗೇ ಒತ್ತಬೇಕು, ಅವರು ದೃಢೀಕರಿಸಬೇಕು. ಮನೆಯಲ್ಲೇ ಒತ್ತಿ ಮಗನ ಕೈಲಿ ಕೊಟ್ಟು ಕಳಿಸಿದರೆ ಪರಿಶೀಲನೆಯಲ್ಲಿ ನಾಮಪತ್ರ ಬಿದ್ದುಹೋಗಬಹುದು. ಪಂಚಾಯಿತಿಗೆ ನಿಲ್ಲುವವರೂ ಅದೇ ಎಚ್ಚರಿಕೆ ಇಟ್ಟುಕೊಳ್ಳಿ: ಕೊನೆಯ ದಿನ ಹೋಗಬೇಡಿ, ಎರಡನೆಯ ದಿನ ಹೋಗಿ, ತಪ್ಪಿದ್ದರೆ ತಿದ್ದಿ ಇನ್ನೊಂದು ಕೊಡಲು ಹೊತ್ತಿರುತ್ತದೆ. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರದ ಹೆಸರು, ಮತದಾರರ ಪಟ್ಟಿಯ ಹೆಸರು ಒಂದೇ ಇದೆಯೇ ನೋಡಿ. ಮಹಿಳೆಯರಿಗೆ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಇರುವುದರಿಂದ ವಿಕಲಚೇತನ ಹೆಣ್ಣುಮಕ್ಕಳಿಗೆ ಬಾಗಿಲು ಆಗಲೇ ಅರ್ಧ ತೆರೆದಿದೆ.

ಪ್ರಚಾರದ ಖರ್ಚಿನಲ್ಲಿ ಒಂದು ಅನ್ಯಾಯ ಅಡಗಿದೆ. ಬೇರೆ ಅಭ್ಯರ್ಥಿ ಬೈಕಿನಲ್ಲಿ ಒಬ್ಬನೇ ಸುತ್ತುತ್ತಾನೆ. ಗಾಲಿಕುರ್ಚಿಯವರಿಗೆ ಗೂಡ್ಸ್ ಗಾಡಿ, ಡ್ರೈವರ್, ಎತ್ತಿ ಇಳಿಸುವವರು ಇಬ್ಬರು ಬೇಕು. ಕಿವಿ ಕೇಳದವರಿಗೆ ಸಂಜ್ಞೆ ಭಾಷೆ ಬಲ್ಲವರು ಜೊತೆಗಿರಬೇಕು. ಇಂಗ್ಲೆಂಡಿನಲ್ಲಿ 2012ರಿಂದ 2015ರವರೆಗೆ ವಿಕಲಚೇತನ ಅಭ್ಯರ್ಥಿಗಳ ಈ ಹೆಚ್ಚುವರಿ ಖರ್ಚಿಗೆಂದೇ ಒಂದು ನಿಧಿ ಇತ್ತು, ಸ್ಕಾಟ್ಲೆಂಡಿನಲ್ಲಿ 2016ರಲ್ಲಿ ಅಂಥದ್ದೇ ಆರಂಭವಾಯಿತು. ನಮ್ಮಲ್ಲಿ ಅಷ್ಟು ಆಗದಿದ್ದರೂ, ಈ ಖರ್ಚನ್ನು ಚುನಾವಣಾ ವೆಚ್ಚದ ಮಿತಿಯಿಂದ ಹೊರಗಿಡಿ ಎಂದು ಕೇಳುವುದು ನ್ಯಾಯ.

ಗೆದ್ದವರೇ ಇಲ್ಲವೇ ಎಂದರೆ ಇದ್ದಾರೆ. ಕಣ್ಣಿಲ್ಲದ ವಕೀಲ ಸಾಧನ್ ಗುಪ್ತ 1953ರಲ್ಲೇ ಕಲ್ಕತ್ತೆಯಿಂದ ಲೋಕಸಭೆಗೆ ಹೋದರು. ಪೋಲಿಯೊದಿಂದಾಗಿ ಊರುಗೋಲು ಹಿಡಿದೇ ನಡೆದ ಎಸ್. ಜೈಪಾಲ್ ರೆಡ್ಡಿ ಐದು ಬಾರಿ ಲೋಕಸಭೆಗೆ ಗೆದ್ದು ಕೇಂದ್ರದ ಮಂತ್ರಿಯಾದರು. ಇವರು ತಮ್ಮ ಶಕ್ತಿಯಿಂದ ಗೆದ್ದವರು, ಹಿಂದೆ ಬರುವವರಿಗೆ ಇವರ ನಂತರ ದಾರಿಯೇನೂ ಆಗಲಿಲ್ಲ. ದಾರಿ ಮಾಡುವುದು ಕಾನೂನಿನ ಕೆಲಸ. ಕಾನೂನು ದಾರಿಯನ್ನು ಮುಚ್ಚಿದ್ದೂ ಇದೆ. ಕುಷ್ಠರೋಗ ಇರುವವರನ್ನು ಪುರಸಭೆ ಸದಸ್ಯತ್ವಕ್ಕೆ ಅನರ್ಹಗೊಳಿಸಿದ್ದ ಒಡಿಶಾದ ಕಾಯ್ದೆಯನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಇಂಥ ನಿಯಮ ಇನ್ನೂ ಬೇಕೇ ಎಂದು ಶಾಸನಸಭೆ ಯೋಚಿಸಲಿ ಎಂದೂ ಹೇಳಿತು. ಔಷಧಿಯಿಂದ ಪೂರ್ತಿ ಗುಣವಾಗುವ ಕಾಯಿಲೆ ಅದು.

ಈಗ ಮೀಸಲಾತಿಯ ಪ್ರಶ್ನೆ. ಸರ್ಕಾರಿ ನೌಕರಿಯಲ್ಲಿ ಶೇ 4 ಇದೆಯಲ್ಲ, ಪಂಚಾಯಿತಿಯಲ್ಲೂ ಶೇ 4 ಕೊಡಿ ಎನ್ನುತ್ತಾರೆ. ಬೇಡಿಕೆ ಸರಿ, ಲೆಕ್ಕ ತೊಡಕಿನದು. 15 ಸದಸ್ಯರ ಪಂಚಾಯಿತಿಯಲ್ಲಿ ಶೇ 4 ಎಂದರೆ 0.6. ಒಬ್ಬ ಮನುಷ್ಯನೂ ಆಗುವುದಿಲ್ಲ. ವಾರ್ಡು ವಾರ್ಡಿಗೆ ಸರದಿ ಹಾಕಿದರೆ ಇನ್ನೊಂದು ತೊಂದರೆ. ಆ ವಾರ್ಡಿನಲ್ಲಿರುವುದು ಹದಿನೇಳು ಮಂದಿ, ಅದರಲ್ಲಿ ಮಕ್ಕಳು, ಹಾಸಿಗೆ ಹಿಡಿದವರು ಸೇರಿ. ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಎಂದಿದ್ದರೆ ಒಬ್ಬರೋ ಇಬ್ಬರೋ ಉಳಿಯುತ್ತಾರೆ. ಅವರಿಗೆ ಮನಸ್ಸಿಲ್ಲದಿದ್ದರೆ ಸ್ಥಾನ ಖಾಲಿ. ನನಗೆ ಕಾಣುವ ದಾರಿ, ತಾಲೂಕನ್ನು ಒಂದು ಘಟಕವಾಗಿ ಹಿಡಿಯುವುದು. ಅಧ್ಯಕ್ಷ ಸ್ಥಾನದ ಮೀಸಲಾತಿಯನ್ನು ತಾಲೂಕಿನ ಎಲ್ಲಾ ಪಂಚಾಯಿತಿಗಳನ್ನು ಸೇರಿಸಿಯೇ ಹಂಚುತ್ತಾರಲ್ಲ, ಹಾಗೆ. 25 ಪಂಚಾಯಿತಿ, ತಲಾ 15 ಸದಸ್ಯರು ಎಂದರೆ 375 ಸ್ಥಾನ. ಅದರ ಶೇ 4, ಹದಿನೈದು. ಸಾಮಾನ್ಯ, ಮಹಿಳೆ, ಪರಿಶಿಷ್ಟ, ಹಿಂದುಳಿದ ಎಲ್ಲ ವರ್ಗಗಳ ಒಳಗೇ ಅಡ್ಡಲಾಗಿ ಹಂಚಿಕೆಯಾಗಬೇಕು. ಒಂದು ಅವಧಿಗೆ ಹದಿನೈದು ಪಂಚಾಯಿತಿಯಲ್ಲಿ, ಮುಂದಿನ ಅವಧಿಗೆ ಉಳಿದವುಗಳಲ್ಲಿ. ಆ ಸ್ಥಾನಕ್ಕೆ ಇಡೀ ಪಂಚಾಯಿತಿಯ ಯಾವ ವಿಕಲಚೇತನ ಮತದಾರರೂ ನಿಲ್ಲುವಂತಿರಬೇಕು.

ಅಲ್ಲಿಯವರೆಗೆ ನಾಮನಿರ್ದೇಶನ. ಛತ್ತೀಸಗಢ 2019ರಲ್ಲಿ ಪಂಚಾಯತ್ ಕಾಯ್ದೆ ತಿದ್ದಿ, ವಿಕಲಚೇತನರು ಆಯ್ಕೆಯಾಗದ ಪಂಚಾಯಿತಿಗೆ ಒಬ್ಬರನ್ನು ನೇಮಿಸುವ ಅವಕಾಶ ಮಾಡಿತು. ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಗ್ರಾಮ ಮತ್ತು ನಗರ ಸ್ಥಳೀಯ ಸಂಸ್ಥೆಗಳಿಗೆ ವಿಕಲಚೇತನರನ್ನು ನೇಮಿಸುವ ಮಸೂದೆಗಳನ್ನು ಅಂಗೀಕರಿಸಿತು. ನೇಮಕದ ಮಿತಿ ತಿಳಿದಿರಬೇಕು. ಸಂವಿಧಾನದ 243ಸಿ ಪ್ರಕಾರ ಪಂಚಾಯಿತಿಯ ಸ್ಥಾನಗಳನ್ನು ನೇರ ಚುನಾವಣೆಯಿಂದಲೇ ತುಂಬಬೇಕು. ನಗರ ಸಂಸ್ಥೆಗಳಲ್ಲಿ ನಾಮನಿರ್ದೇಶಿತರಿಗೆ ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲ. ಮಾತಾಡಬಹುದು, ಕೈ ಎತ್ತಲು ಬರುವುದಿಲ್ಲ. ಅಧ್ಯಕ್ಷರ ಆಯ್ಕೆಯ ದಿನ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಉಗಾಂಡಾ ದೇಶದಲ್ಲಿ ಸಂಸತ್ತಿನಲ್ಲೇ ವಿಕಲಚೇತನರಿಗೆ ಐದು ಸ್ಥಾನ, ಸ್ಥಳೀಯ ಮಂಡಳಿಗಳಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು. ಚುನಾಯಿತರಾಗಿ ಬರುತ್ತಾರೆ. ನಮ್ಮ ಗುರಿ ಅದೇ ಇರಬೇಕು, ನಾಮನಿರ್ದೇಶನದಲ್ಲಿ ಸಮಾಧಾನ ಪಟ್ಟುಕೊಳ್ಳಬಾರದು.

ಆದರೂ ಕೈಯಲ್ಲಿರುವ ಬಾಗಿಲು ಯಾಕೆ ಬಿಡಬೇಕು? ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ ಮಹಾನಗರ ಪಾಲಿಕೆಗೆ ಐದು ಜನರವರೆಗೆ ನಾಮನಿರ್ದೇಶನ ಮಾಡುವ ಅಧಿಕಾರ ಸರ್ಕಾರಕ್ಕೆ ಈಗಲೇ ಇದೆ. ಆಡಳಿತ, ಆರೋಗ್ಯ, ನಗರ ಯೋಜನೆ, ಶಿಕ್ಷಣ ಬಲ್ಲವರು, ಸಮಾಜಸೇವಕರು ಇರಬೇಕು ಎಂದಿದೆ. 82 ವಾರ್ಡಿನ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಆ ಐವರಲ್ಲಿ ಒಬ್ಬರು ವಿಕಲಚೇತನರಾಗಲು ಯಾವ ತಿದ್ದುಪಡಿಯೂ ಬೇಡ, ಒಂದು ಆದೇಶ ಸಾಕು. ಅವರು ಯಾಕೆ ಬೇಕು ಎಂಬುದಕ್ಕೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ನೋಡಿ. ಬಸ್ಸಿನ ನೆಲವೂ ನಿಲ್ದಾಣದ ಕಟ್ಟೆಯೂ ಒಂದೇ ಎತ್ತರ, ಗಾಲಿಕುರ್ಚಿ ನೇರ ಒಳಗೆ ಹೋಗುತ್ತದೆ. ನಕ್ಷೆ ಬರೆಯುವಾಗಲೇ ಯೋಚಿಸಿದ್ದರ ಫಲ ಅದು, ಸಂತೋಷದಿಂದ ಹೇಳುತ್ತೇನೆ. ಆದರೆ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಓಡುವ ವಾಹನಗಳ ಸಾಲು ದಾಟಿ ಅಲ್ಲಿಗೆ ತಲುಪಬೇಕು. ಬಸ್ಸಿನ ಬಗ್ಗೆ ಸಾಕಷ್ಟು ಯೋಚಿಸಿದ ಮೇಜಿನ ಸುತ್ತ, ದಾಟುವ ಆ ಮೂವತ್ತು ಹೆಜ್ಜೆಯ ಬಗ್ಗೆ ಪಟ್ಟು ಹಿಡಿಯುವವರು ಒಬ್ಬರಾದರೂ ಬೇಕು.

ಕೊನೆಯದಾಗಿ, ಗೆದ್ದ ಮೇಲೆ. ಸದಸ್ಯರಾಗಿ ಕೆಲಸ ಮಾಡಲು ಆಗುವಂತೆ ಕಚೇರಿ ಇರಬೇಕು. ರ‍್ಯಾಂಪ್ ಲೆಕ್ಕ ನೆನಪಿಡಿ: ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ. ಹದಿನೈದು ಸೆಂಟಿಮೀಟರಿನ ಮೂರು ಮೆಟ್ಟಿಲು ಇದ್ದರೆ ಎತ್ತರ 45 ಸೆಂಟಿಮೀಟರ್, ರ‍್ಯಾಂಪ್ 5.4 ಮೀಟರ್, ಹತ್ತಿರ ಹತ್ತಿರ ಹದಿನೆಂಟು ಅಡಿ. ಅಗಲ ಕನಿಷ್ಠ 1.2 ಮೀಟರ್, ಎರಡೂ ಬದಿ ಹಿಡಿಕಂಬಿ, ಮೇಲೆ ಬಾಗಿಲ ಮುಂದೆ ಕುರ್ಚಿ ತಿರುಗಲು 1.5 ಮೀಟರ್ ಸಮತಟ್ಟು. ನಮ್ಮಲ್ಲಿ ಕಟ್ಟುವುದು ಆರಡಿಯ ರ‍್ಯಾಂಪ್, ಮೇಲೆ ನುಣ್ಣನೆಯ ಟೈಲ್ಸ್. ಅದರ ಮೇಲೆ ಬೈಕ್ ಹತ್ತುತ್ತದೆ, ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ರ‍್ಯಾಂಪ್ ಸರಿ ಇದ್ದರೂ ಕೊನೆಗೆ ಮೂರಿಂಚಿನ ಹೊಸ್ತಿಲು ಬಿಟ್ಟಿರುತ್ತಾರೆ. ಬಿಲ್ ಪಾಸಾಗುವ ಮೊದಲು ಗಾಲಿಕುರ್ಚಿ ಬಳಸುವವರೊಬ್ಬರು ತಾವಾಗಿ ಹತ್ತಿ ಇಳಿಯಲಿ. ಸಭೆ ಮಾಳಿಗೆ ಮೇಲಿನ ಕೋಣೆಯಲ್ಲಿದ್ದರೆ ಕೆಳಗೆ ತನ್ನಿ.

ದೃಷ್ಟಿದೋಷ ಇರುವ ಸದಸ್ಯರಿಗೆ ಬರುವ ತೊಡಕು ಕಣ್ಣಿಗೆ ಕಾಣುವಂಥದ್ದಲ್ಲ. ಅವರ ಫೋನು ಕನ್ನಡ ಓದಿ ಹೇಳುತ್ತದೆ. ಆದರೆ ಕಚೇರಿಯ ಗಣಕಯಂತ್ರದಲ್ಲಿ ಸಭಾ ಸೂಚನೆಯನ್ನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿರುತ್ತಾರೆ. ನಮ್ಮ ಕಣ್ಣಿಗೆ ಅದು ಕನ್ನಡ, ಫೋನಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇಲ್ಲವೇ ಮುದ್ರಿಸಿ, ಸಹಿ ಹಾಕಿ, ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕುತ್ತಾರೆ. ಸಹಿ ಮಾಡಿದ ಪ್ರತಿ ಇರಲಿ, ಜೊತೆಗೆ ಫೋನು ಓದಬಲ್ಲ ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಅದೇ ಪಠ್ಯವನ್ನೂ ಸಂದೇಶವಾಗಿ ಕಳಿಸಿ. ಜಮಾ ಖರ್ಚಿನ ಪಟ್ಟಿಯೂ ಹಾಗೇ. ಐದು ನಿಮಿಷದ ಕೆಲಸ, ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಹೇಳಿದ್ದಕ್ಕೆ ತಲೆಯಾಡಿಸದೆ ತಾವೇ ಓದಿ ಪ್ರಶ್ನೆ ಕೇಳುತ್ತಾರೆ. ಕಿವಿ ಕೇಳದ ಸದಸ್ಯರಿದ್ದರೆ ಒಬ್ಬೊಬ್ಬರಾಗಿ ಮಾತಾಡಿ, ಮಾತಾಡುವವರು ಅವರತ್ತ ಮುಖ ಮಾಡಿ, ಬಜೆಟ್ ಸಭೆಗಾದರೂ ಸಂಜ್ಞೆ ಭಾಷೆ ಬಲ್ಲವರನ್ನು ಕರೆಸಿ.

ಸಮಿತಿಗಳ ವಿಷಯದಲ್ಲಿ ಹುಷಾರು. ಪಂಚಾಯಿತಿಯಲ್ಲಿ ಉತ್ಪಾದನೆ, ಸಾಮಾಜಿಕ ನ್ಯಾಯ, ಸೌಕರ್ಯ ಎಂದು ಮೂರು ಸ್ಥಾಯಿ ಸಮಿತಿಗಳಿವೆ. ವಿಕಲಚೇತನ ಸದಸ್ಯರನ್ನು ಕೇಳದೆಯೇ ಸಾಮಾಜಿಕ ನ್ಯಾಯಕ್ಕೆ ಹಾಕಿಬಿಡುತ್ತಾರೆ. ರಸ್ತೆ, ದೀಪ, ನೀರು, ಕಟ್ಟಡ ಬರುವುದು ಸೌಕರ್ಯ ಸಮಿತಿಗೆ. ಅದನ್ನು ಕೇಳಿ ಪಡೆಯಿರಿ.

ಇಲ್ಲಿಂದ ಹೋದ ಮೇಲೆ ಮುಂದಿನ ಗ್ರಾಮ ಸಭೆಗೆ ಒಂದು ಠರಾವು ತನ್ನಿ. ಅದರಲ್ಲಿ ನಾಲ್ಕು ಸಾಲು ಸಾಕು. ತಾಲೂಕು ಘಟಕವಾಗಿ ವಿಕಲಚೇತನರಿಗೆ ಪಂಚಾಯಿತಿ ಸ್ಥಾನಗಳಲ್ಲಿ ಮೀಸಲಾತಿ ತರಬೇಕೆಂದು ಈ ಸಭೆ ರಾಜ್ಯ ಸರ್ಕಾರವನ್ನು ಕೋರುತ್ತದೆ. ಪಂಚಾಯಿತಿ ಚುನಾವಣೆಯಲ್ಲಿ ಸ್ಪರ್ಶದಿಂದ ಮತ ಹಾಕುವ ರಟ್ಟಿನ ಮಡಿಕೆ ಕೊಡಬೇಕೆಂದು ರಾಜ್ಯ ಚುನಾವಣಾ ಆಯೋಗವನ್ನು ಕೋರುತ್ತದೆ. ಸಭೆಯ ಎಲ್ಲ ಸೂಚನೆಗಳನ್ನು ಯುನಿಕೋಡ್‌ನಲ್ಲಿ ಕಳಿಸಲಾಗುವುದು. ಶೇ 5ರ ಲೆಕ್ಕವನ್ನು ಪ್ರತಿ ಗ್ರಾಮ ಸಭೆಯಲ್ಲಿ ಓದಲಾಗುವುದು. ಯಾರು ಮಂಡಿಸಿದರು, ಯಾರು ಅನುಮೋದಿಸಿದರು ಎಂದು ಹೆಸರು ಬರೆಸಿ, ಮಂಡಿಸುವವರು ವಿಕಲಚೇತನರೇ ಆಗಿರಲಿ. ನಡಾವಳಿಯನ್ನು ಸಭೆ ಮುಗಿಯುವ ಮೊದಲೇ ಗಟ್ಟಿಯಾಗಿ ಓದಿಸಿ, ಮರುದಿನ ಪಿಡಿಒ ಅವರಿಂದ ದೃಢೀಕರಿಸಿದ ಪ್ರತಿ ಪಡೆದುಕೊಳ್ಳಿ. ಮುಂದಿನ ಸಭೆಗೆ ಆ ಪ್ರತಿ ಕೈಯಲ್ಲಿರಲಿ.